ಅಣ್ಣನ ಜಾಗ

ಪ್ಯಾಟ್ ಡೊನೊವನ್ ಫೋನ್ ಮಾಡಿದಾಗ ದೀಕ್ಷಿತಾ ಮೋಟೆಲಿನ ಲಾಂಡ್ರಿ ಕೋಣೆಯಲ್ಲಿ ಬೆಡ್‌ಶೀಟ್ ಮಡಚುತ್ತಿದ್ದಳು. ೨೦೦೯ರ ಜನವರಿ. ಟರ್ನ್‌ಪೈಕ್ ಹೆದ್ದಾರಿಯ ಎಂಟು-ಎ ಎಕ್ಸಿಟ್ ಹತ್ತಿರ, ಕ್ರ್ಯಾನ್‌ಬರಿಯ ಗೋದಾಮುಗಳ ಅಂಚಿನಲ್ಲಿ ಅವಳ ಅಪ್ಪ ನಿತ್ಯಾನಂದ ನಡೆಸುತ್ತಿದ್ದ ಮೋಟೆಲಿಗೆ ಲಾರಿ ಡ್ರೈವರುಗಳೇ ಗಿರಾಕಿಗಳು. ಹಿಂದಿನ ವರ್ಷದ ಕೊನೆಗೆ ನ್ಯೂಯಾರ್ಕಿನ ಬ್ಯಾಂಕುಗಳು ಮುಳುಗಿದ ಮೇಲೆ ಗೋದಾಮುಗಳಿಗೆ ಬರುವ ಸಾಮಾನು ಕಡಿಮೆಯಾಗಿತ್ತು, ಲಾರಿಗಳೂ ಕಡಿಮೆಯಾಗಿದ್ದವು. ಕೆಲಸಕ್ಕಿದ್ದ ಇಬ್ಬರನ್ನು ಬಿಡಿಸಿ ಮನೆಯವರೇ ಎಲ್ಲ ಮಾಡಿಕೊಳ್ಳುತ್ತಿದ್ದರು.

ಪ್ಯಾಟ್ ಅವಳ ಹಳೆಯ ಸ್ಕೇಟಿಂಗ್ ಕೋಚ್. ಅರುವತ್ತು ದಾಟಿದ ಹೆಂಗಸು, ಸುತ್ತಿಬಳಸಿ ಮಾತಾಡುವವರಲ್ಲ.

"ಒಬ್ಬ ಹುಡುಗ ಇದ್ದಾನೆ. ಟೊಮಾಶ್ ಅಂತ, ವಾಲಿಂಗ್ಟನ್ನಿನ ಪೋಲಿಷ್ ಮನೆಯವನು. ಅವನ ಪಾರ್ಟ್‌ನರ್ ಹುಡುಗಿಯ ಅಪ್ಪನಿಗೆ ಜರ್ಸಿ ಸಿಟಿಯ ಕೆಲಸ ಹೋಯಿತು. ಅವರೆಲ್ಲ ಓಹಾಯೋಗೆ ಹೊರಟುಹೋದರು. ಒಂದು ಸಲ ಬಂದು ಅವನ ಜೊತೆ ಸ್ಕೇಟ್ ಮಾಡಿ ನೋಡು" ಎಂದರು.

"ನನಗೆ ಪಾರ್ಟ್‌ನರ್ ಇದ್ದಾನೆ" ಎಂದಳು ದೀಕ್ಷಿತಾ.

"ಗೊತ್ತು. ಅವನನ್ನೇ ಒಂದು ಮಾತು ಕೇಳು" ಎಂದು ಪ್ಯಾಟ್ ಫೋನಿಟ್ಟರು.

ಆ ಪಾರ್ಟ್‌ನರ್ ಅವಳ ಅಣ್ಣ ನಿಹಾಲ್. ಅವಳಿಗಿಂತ ಮೂರು ವರ್ಷ ದೊಡ್ಡವನು. ಅಪ್ಪ ಅಮ್ಮ ಬ್ರಹ್ಮಾವರದ ಕಡೆಯಿಂದ ಬಂದು ಮೋಟೆಲ್ ಹಿಡಿದ ಹೊಸತರಲ್ಲಿ ಇಬ್ಬರಿಗೂ ಪುರುಸೊತ್ತೆಂಬುದೇ ಇರಲಿಲ್ಲ. ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಎಲ್ಲಾದರೂ ಇರಿಸಬೇಕಿತ್ತು. ಹತ್ತಿರದ ರಿಂಕಿನಲ್ಲಿ, ಐಸ್ ಸ್ಕೇಟಿಂಗಿನ ಅಂಗಣದಲ್ಲಿ, ಸಂಜೆಯವರೆಗೆ ಮಕ್ಕಳನ್ನು ನೋಡಿಕೊಳ್ಳುತ್ತಾರೆ ಎಂದು ಯಾರೋ ಹೇಳಿದರು. ಹಾಗೆ ಹೋದವರು ಇವರು. ಬೇರೆ ಮಕ್ಕಳೆಲ್ಲ ಬೇಲಿ ಹಿಡಿದುಕೊಂಡು ಐಸಿನ ಮೇಲೆ ನಡೆಯುತ್ತಿದ್ದಾಗ ನಿಹಾಲ್ ತಂಗಿಯ ಎರಡೂ ಕೈ ಹಿಡಿದು ತಾನು ಹಿಂದಕ್ಕೆ ಜಾರುತ್ತ ಅವಳನ್ನು ರಿಂಕ್ ಪೂರ್ತಿ ಸುತ್ತಿಸಿದ. ಪ್ಯಾಟ್ ನೋಡಿದ್ದು ಅದನ್ನೇ. ಕೆಲವೇ ದಿನಗಳಲ್ಲಿ ಮೋಟೆಲಿಗೆ ಬಂದು, ಕೌಂಟರಿನ ಈಚೆ ನಿಂತು, ಇಬ್ಬರನ್ನೂ ಸ್ಕೇಟಿಂಗ್ ಕಲಿಸಲು ತಮಗೆ ಕೊಡಿ ಎಂದು ನಿತ್ಯಾನಂದರನ್ನು ಕೇಳಿದ್ದರು.

ಐಸ್ ಡಾನ್ಸ್ ಎಂದರೆ ಹುಡುಗ ಹುಡುಗಿ ಜೋಡಿಯಾಗಿ ಐಸಿನ ಮೇಲೆ ಮಾಡುವ ನೃತ್ಯ. ಅದರಲ್ಲಿ ಗಾಳಿಯಲ್ಲಿ ಹಾರುವುದಕ್ಕಿಂತ ಒಬ್ಬರಿಗೊಬ್ಬರು ಅಂಟಿಕೊಂಡಂತೆ ಸಾಗುವುದೇ ದೊಡ್ಡ ವಿದ್ಯೆ. ಅಣ್ಣ ತಂಗಿಗೆ ಅದು ಒಲಿಯಿತು. ಅವಳು ಹದಿನೈದರವಳು, ಅವನು ಹದಿನೆಂಟರವನು ಇದ್ದಾಗ ಜೂನಿಯರ್ ವಿಭಾಗದಲ್ಲಿ ಪೂರ್ವ ವಲಯದ ಚಾಂಪಿಯನ್ ಆದರು. ಈಸ್ಟ್ ಬ್ರನ್ಸ್‌ವಿಕ್ಕಿನಲ್ಲಿ ನಡೆದ ಕನ್ನಡ ಕೂಟದ ಹಬ್ಬದಲ್ಲಿ ಅವರಿಗೆ ಶಾಲು ಹೊದಿಸಿದ ಅಂಕಲ್ ಒಬ್ಬರು, ಐಸಿನ ಮೇಲೆ ಕಾಲು ತಣ್ಣಗಾಗುವುದಿಲ್ಲವೇ ಎಂದು ಕೇಳಿ ಎಲ್ಲರನ್ನೂ ನಗಿಸಿದ್ದರು.

ಮುಂದಿನ ಬೇಸಗೆಯಲ್ಲಿ ನಿಹಾಲನಿಗೆ ಬಲ ಮೊಣಕಾಲು ನೋಯತೊಡಗಿತು. ಸ್ಕೇಟರುಗಳಿಗೆ ಮೊಣಕಾಲು ನೋವು ಹೊಸತಲ್ಲ. ಐಸ್ ಇಟ್ಟರು, ಪಟ್ಟಿ ಕಟ್ಟಿದರು. ನೋವು ಇಳಿಯದೆ ಊತ ಬಂದಾಗ ತೆಗೆಸಿದ ಎಕ್ಸ್‌ರೇಯಲ್ಲಿ ಮೂಳೆಯೊಳಗಿನ ಗಡ್ಡೆ ಕಂಡಿತು. ಅಲ್ಲಿಂದ ಮುಂದೆ ಅವರ ಮನೆಯ ಕ್ಯಾಲೆಂಡರಿನಲ್ಲಿ ಸ್ಪರ್ಧೆಗಳ ಬದಲು ಕೀಮೋದ ದಿನಗಳು ಬಂದವು. ನ್ಯೂಯಾರ್ಕಿನ ಆಸ್ಪತ್ರೆಯಲ್ಲಿ ಕಾಲು ಉಳಿಸಿದರು. ಮೊಣಕಾಲಿನ ಮೂಳೆ ತೆಗೆದು ಲೋಹದ ಕೀಲು ಕೂರಿಸಿದರು. ನಡೆಯಬಹುದು, ನಿಧಾನಕ್ಕೆ ಮೆಟ್ಟಿಲು ಹತ್ತಬಹುದು ಎಂದರು ಡಾಕ್ಟರು. ಓಡುವ ಹಾಗಿಲ್ಲ, ಬೀಳುವ ಹಾಗಂತೂ ಇಲ್ಲವೇ ಇಲ್ಲ. ಸ್ಕೇಟಿಂಗ್ ಎಂಬ ಮಾತನ್ನು ಅವರಾಗಿ ಎತ್ತಲಿಲ್ಲ, ಇವರೂ ಕೇಳಲಿಲ್ಲ.

ಆ ಒಂದು ವರ್ಷ ದೀಕ್ಷಿತಾ ಅವನ ಹಾಸಿಗೆಯ ಪಕ್ಕದಲ್ಲೇ ಇದ್ದಳು. ಮನೆಯಲ್ಲಿ ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಬೆಳೆದ, ಐಸಿನ ಮೇಲೆ ಹೆಜ್ಜೆ ಎಣಿಸುವುದಕ್ಕೆ ಮಾತ್ರ ಕನ್ನಡ ಬಳಸುತ್ತಿದ್ದ ಈ ಇಬ್ಬರು, ಆಸ್ಪತ್ರೆಯಲ್ಲಿ ನರ್ಸುಗಳಿಗೆ ತಿಳಿಯಬಾರದೆಂದು ತಮ್ಮೊಳಗೆ ಕನ್ನಡ ಮಾತಾಡಲು ಶುರುಮಾಡಿದರು. ಕಾಯಿಲೆ ಬಿಟ್ಟಿತು. ಆ ರೂಢಿ ಉಳಿಯಿತು.

ಅವಳೂ ಸ್ಕೇಟಿಂಗ್ ಬಿಟ್ಟಿದ್ದಳು. ಯಾರೂ ಬಿಡು ಎಂದಿರಲಿಲ್ಲ. ಬಿಡುವುದು ಸಹಜ ಎಂದು ಮನೆಯಲ್ಲಿ ಎಲ್ಲರೂ ತಿಳಿದುಕೊಂಡಂತಿತ್ತು.

*

ಫೋನ್ ಬಂದ ವಿಷಯ ಅವಳು ನಿಹಾಲನಿಗೆ ಹೇಳಲಿಲ್ಲ. ಪ್ಯಾಟ್ ಅವನಿಗೂ ಫೋನ್ ಮಾಡಿದ್ದರು. ಮರುದಿನ ಮಧ್ಯಾಹ್ನ ಅವನು ಫ್ರಂಟ್ ಡೆಸ್ಕಿನಲ್ಲಿ ಕುಂಟುಗಾಲು ಚಾಚಿ ಕುಳಿತಿದ್ದ. ಅವಳು ಊಟದ ಡಬ್ಬಿ ತಂದಿಟ್ಟಳು.

"ನೀನು ಎಂತಕ್ಕೆ ಆಗುದಿಲ್ಲ ಹೇಳಿದ್ದು?" ಎಂದ.

"ನಂಗೆ ಮನಸ್ಸಿಲ್ಲ ಅಣ್ಣ."

"ಸುಳ್ಳು ಹೇಳಬೇಡ. ಮೊನ್ನೆ ಕಾರಿಡಾರಿನಲ್ಲಿ ವ್ಯಾಕ್ಯೂಮ್ ಮಾಡುವಾಗ ನೀನು ಒಂಟಿಕಾಲಲ್ಲಿ ಗಿರ್ರನೆ ತಿರುಗಿದ್ದು ನಾನು ನೋಡಿದ್ದೇನೆ."

ಅವಳು ಡಬ್ಬಿಯ ಮುಚ್ಚಳ ತೆಗೆದು ಅವನ ಮುಂದೆ ಸರಿಸಿದಳು.

"ಒಬ್ಬನ ಕಾಲು ಹೋದ್ರೆ ಇಬ್ರೂ ಕೂತ್ಕೊಳ್ಳಬೇಕು ಅಂತ ಎಂತ ಉಂಟು, ದೀಕ್ಷಿ? ನೀನು ಹೀಗೆ ಬೆಡ್‌ಶೀಟ್ ಮಡಚುವುದು ನೋಡ್ಲಿಕ್ಕೆ ನಂಗೆ ಆಗುದಿಲ್ಲ. ದಿನಾ ನೋಡುವಾಗ ನಿಂಗೂ ನಾನೇ ಕಾಯಿಲೆ ತಂದದ್ದು ಅನ್ನಿಸ್ತದೆ."

"ನಾನು ಬೇರೆಯವರ ಜೊತೆ ಮಾಡಿದ್ರೆ ನಿಂಗೆ ಬೇಜಾರಾಗುದಿಲ್ವಾ?"

"ಆಗ್ತದೆ" ಎಂದ ನಿಹಾಲ್. "ಆದ್ರೆ ಇದಕ್ಕಿಂತ ಕಮ್ಮಿ."

ಆ ಶನಿವಾರ ಅವನೇ ಕಾರು ಓಡಿಸಿಕೊಂಡು ಅವಳನ್ನು ರಿಂಕಿಗೆ ಕರೆದೊಯ್ದ. ಅವನ ಕಾಯಿಲೆಯ ನಂತರ ಇಬ್ಬರೂ ಅಲ್ಲಿಗೆ ಕಾಲಿಟ್ಟಿರಲಿಲ್ಲ. ದೀಕ್ಷಿತಾಳ ಪಾದ ಬೆಳೆದಿತ್ತು, ಹಳೆಯ ಸ್ಕೇಟ್ ಬಿಗಿಯಾಗಿ ಹೆಬ್ಬೆರಳು ಒತ್ತುತ್ತಿತ್ತು. ಟೊಮಾಶ್ ಉದ್ದನೆಯ, ತಿಳಿಗೂದಲಿನ, ಮಾತು ಕಡಿಮೆಯ ಹುಡುಗ. ಕೈಕುಲುಕುವಾಗ ಅವನ ಅಂಗೈ ಬೆವರಿತ್ತು. ಪ್ಯಾಟ್ ಹೇಳಿದಂತೆ ಇಬ್ಬರೂ ಸುಮ್ಮನೆ ಕೈ ಹಿಡಿದು ಸುತ್ತು ಹೊಡೆದರು. ಆಮೇಲೆ ಎದುರುಬದುರಾಗಿ ಹಿಡಿದುಕೊಳ್ಳುವ ವಾಲ್ಟ್ಸಿನ ಹೋಲ್ಡಿಗೆ ಬಂದರು. ಅವನ ಕೈ ಅವಳ ಬೆನ್ನಿನ ಮೇಲೆ, ನಿಹಾಲನ ಕೈ ಇರುತ್ತಿದ್ದ ಜಾಗಕ್ಕಿಂತ ಸ್ವಲ್ಪ ಮೇಲೆ ಬಂದು ಕುಳಿತಿತು. ಅಷ್ಟೇ. ಆ ಸ್ವಲ್ಪಕ್ಕೇ ಅವಳಿಗೆ ಅಳು ಬಂದಿತು. ತಲೆ ಆ ಕಡೆ ತಿರುಗಿಸಿಕೊಂಡಳು. ಐಸ್ ಡಾನ್ಸಿನಲ್ಲಿ ಹುಡುಗಿ ತಲೆಯನ್ನು ಆ ಕಡೆಗೇ ತಿರುಗಿಸಿರಬೇಕು, ಹಾಗಾಗಿ ಯಾರಿಗೂ ತಿಳಿಯಲಿಲ್ಲ.

ನಿಹಾಲ್ ಮೇಲಿನ ಬೆಂಚಿನಲ್ಲಿ ಕುಳಿತು ನೋಡಿದ. ಕೊನೆಯಲ್ಲಿ ನಿಧಾನಕ್ಕೆ ಇಳಿದುಬಂದು ಬೇಲಿಯ ಈಚೆ ನಿಂತು ಟೊಮಾಶ್‌ನನ್ನು ಕರೆದ.

"ನಿನ್ನ ಕೈ ಕೆಳಗೆ ಬರಬೇಕು. ಇಲ್ಲಿ" ಎಂದು ಗಾಳಿಯಲ್ಲಿ ತೋರಿಸಿದ. "ಅವಳು ಎಡಕ್ಕೆ ಸ್ವಲ್ಪ ಬೇಗ ವಾಲುತ್ತಾಳೆ. ನೀನು ತಡೆಯಬೇಡ. ಅವಳ ಜೊತೆ ಹೋಗು."

ಟೊಮಾಶ್ ತಲೆಯಾಡಿಸಿದ. ಪ್ಯಾಟ್ ಕನ್ನಡಕ ತೆಗೆದು ಒರೆಸಿಕೊಂಡರು.

*

ಅಂದಿನಿಂದ ನಿಹಾಲ್ ದಿನವೂ ಬಂದ. ಬೆಳಗಿನ ಹೊತ್ತು ಮೋಟೆಲಿನಲ್ಲಿ ಅಪ್ಪ ಇರುತ್ತಿದ್ದರು, ಅವನಿಗೆ ಬಿಡುವಿರುತ್ತಿತ್ತು. ಮೊದಲು ಬೇಲಿಯ ಹೊರಗೆ ನಿಂತು ಹೇಳಿಕೊಡುತ್ತಿದ್ದವನು, ಚಳಿಗಾಲ ಕಳೆಯುವಷ್ಟರಲ್ಲಿ ರಬ್ಬರ್ ಅಡಿಯ ಬೂಟು ಹಾಕಿ ಊರುಗೋಲು ಹಿಡಿದು ಐಸಿನ ಮೇಲೆಯೇ ಬಂದು ನಿಲ್ಲತೊಡಗಿದ. ಬಿದ್ದರೆ ಗತಿಯೇನು ಎಂದು ದೀಕ್ಷಿತಾ ಬೈದಳು. ಅವನು ಕೇಳಲಿಲ್ಲ. ಆ ಬಿಳಿಯ ನೆಲದ ನಟ್ಟನಡುವೆ ನೆಟ್ಟ ಕಂಬದಂತೆ ಅವನು ನಿಂತಿರುತ್ತಿದ್ದ. ಅವನ ಸುತ್ತ ಇವರಿಬ್ಬರು ಸುತ್ತುತ್ತಿದ್ದರು.

ಟೊಮಾಶ್ ಚೆನ್ನಾಗಿ ಕಲಿಯುವವನು. ಹೇಳಿದ್ದನ್ನು ಮರೆಯುತ್ತಿರಲಿಲ್ಲ. ಒಂದು ದಿನ ಕಷ್ಟದ ಹೆಜ್ಜೆಗಳ ಸಾಲಿನಲ್ಲಿ ಅವಳ ಕಿವಿಯ ಹತ್ತಿರ ಅವನು ಮೆಲ್ಲಗೆ ಎಣಿಸಿದ: "ಒಂದ್, ಎರ್ಡ್, ಮೂರ್." ಅವಳು ಗಕ್ಕನೆ ನಿಂತುಬಿಟ್ಟಳು. ಅವನು ಅವಳಿಗೆ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

"ಅದನ್ನು ಎಲ್ಲಿ ಕಲಿತೆ?"

"ನಿಹಾಲ್ ಹೇಳಿಕೊಟ್ಟ. ನಿನಗೆ ಅದೇ ಅಭ್ಯಾಸ ಅಂದ" ಎಂದ ಟೊಮಾಶ್. ಅವನ ಮುಖ ಕೆಂಪಾಗಿತ್ತು. "ಉಚ್ಚಾರ ತಪ್ಪಾಯಿತಾ?"

"ತಪ್ಪಾಗಲಿಲ್ಲ. ನೀನು ನಿಮ್ಮ ಭಾಷೆಯಲ್ಲೇ ಎಣಿಸು. ನಾನು ಕಲಿತುಕೊಳ್ಳುತ್ತೇನೆ."

ಅಂದಿನಿಂದ ಅವನು ಪೋಲಿಷಿನಲ್ಲಿ ಎಣಿಸಿದ. ಮನೆಗೆ ಹೋಗುವ ದಾರಿಯಲ್ಲಿ ನಿಹಾಲ್ ಆ ವಿಷಯ ಎತ್ತಲಿಲ್ಲ. ಕಾರಿನ ರೇಡಿಯೋದಲ್ಲಿ ಇನ್ನೊಂದು ಕಂಪೆನಿ ಜನರನ್ನು ಮನೆಗೆ ಕಳಿಸಿದ ಸುದ್ದಿ ಬರುತ್ತಿತ್ತು. ಅವನು ಅದನ್ನೂ ಆರಿಸಿಬಿಟ್ಟ.

ಜುಲೈಯಲ್ಲಿ ಆ ಲಿಫ್ಟಿನ ಪ್ರಸಂಗ ನಡೆಯಿತು. ಹುಡುಗ ಮೊಣಕಾಲು ಬಗ್ಗಿಸಿ ಒಂದೇ ಬ್ಲೇಡಿನ ಅಂಚಿನಲ್ಲಿ ಕಮಾನಿನಂತೆ ಸಾಗುತ್ತಿರುವಾಗ ಹುಡುಗಿ ಅವನ ತೊಡೆಯ ಮೇಲೆ ಏರಿ ನಿಲ್ಲುವುದೇ ಲಿಫ್ಟ್. ಅಣ್ಣ ತಂಗಿಗೆ ಹೆಸರು ತಂದದ್ದೇ ಅದು. ಅದನ್ನು ಟೊಮಾಶ್‌ಗೆ ಕಲಿಸುವುದೆಂದು ನಿಹಾಲನೇ ಹೇಳಿದ್ದ. ಆ ದಿನ ಬೆಳಗಿನಿಂದ ಅದೇ ನಡೆದಿತ್ತು. ಟೊಮಾಶ್‌ನ ತೊಡೆ ನಡುಗುತ್ತಿರುವುದು ದೀಕ್ಷಿತಾಳ ಪಾದಕ್ಕೆ ತಿಳಿಯುತ್ತಿತ್ತು.

"ಇನ್ನೊಮ್ಮೆ" ಎಂದ ನಿಹಾಲ್.

"ಸ್ವಲ್ಪ ನೀರು ಕುಡಿದು ಬರುತ್ತೇನೆ" ಎಂದ ಟೊಮಾಶ್.

"ಸ್ಪರ್ಧೆಯ ಮಧ್ಯದಲ್ಲಿ ನೀರು ಕೊಡುವುದಿಲ್ಲ. ಇನ್ನೊಮ್ಮೆ. ಭುಜ ಬೇಗ ತಿರುಗಿಸು, ಇನ್ನೂ ಕೆಳಗೆ ಬಗ್ಗು."

ಪ್ಯಾಟ್ ಆ ಹೊತ್ತಿಗೆ ಒಳಗೆ ಆಫೀಸಿನಲ್ಲಿದ್ದರು. ಟೊಮಾಶ್ ಇನ್ನೊಮ್ಮೆ ಬಗ್ಗಿದ. ದೀಕ್ಷಿತಾ ಹತ್ತಿ ನಿಂತಳು. ಅವನ ಬ್ಲೇಡ್ ಜಾರಿತು. ಇಬ್ಬರೂ ಒಟ್ಟಿಗೆ ಬಿದ್ದು ಬೇಲಿಯವರೆಗೆ ಉರುಳಿಕೊಂಡು ಹೋದರು. ಅವಳ ಸೊಂಟ ಮೊದಲು ನೆಲಕ್ಕೆ ಬಡಿದಿತ್ತು. ಎದ್ದು ಕುಳಿತಾಗ ಅವಳು ನೋಡಿದ್ದು ಅಣ್ಣನ ಮುಖವನ್ನು. ಅವನು ಅವಳತ್ತ ಬರಲು ಹೆಜ್ಜೆ ಎತ್ತಿರಲಿಲ್ಲ. ಊರುಗೋಲು ಹಿಡಿದು ನಿಂತಲ್ಲೇ ನಿಂತಿದ್ದ. ಮುಖದಲ್ಲಿ ಗಾಬರಿ ಇರಲಿಲ್ಲ.

ಪಾರ್ಕಿಂಗ್ ಲಾಟಿನಲ್ಲಿ ಕಾರಿನೊಳಗೆ ಕುಳಿತ ಮೇಲೆ ಅವನು ಕೀಲಿ ತಿರುಗಿಸಲಿಲ್ಲ. ಕಿಟಕಿ ಏರಿಸಿದ ಕಾರು ಒಲೆಯ ಹಾಗೆ ಕಾದಿತ್ತು.

"ಅವನು ಬೀಳ್ಬೇಕು ಅಂತ ಇತ್ತು ನಂಗೆ" ಎಂದ.

"ಅವನ ಮೇಲೆ ನಾನಿದ್ದೆ ಅಣ್ಣ."

"ಹೌದು. ಅದು ನೆನಪೇ ಬರ್ಲಿಲ್ಲ." ಅವನು ಸ್ಟೀರಿಂಗ್ ಮೇಲೆ ಹಣೆಯಿಟ್ಟ. "ಅವನು ದಿನದಿಂದ ದಿನಕ್ಕೆ ಚೆಂದ ಮಾಡ್ತಾನೆ, ದೀಕ್ಷಿ. ಮೊದಲು ತಪ್ಪು ಮಾಡುವಾಗ ನಂಗೆ ಸುಲಭ ಇತ್ತು. ನಾನಿದ್ದಿದ್ರೆ ಹೀಗೆ ಆಗ್ತಿರ್ಲಿಲ್ಲ ಅಂದ್ಕೊಳ್ತಿದ್ದೆ. ಇವತ್ತು ಅವನು ಲಿಫ್ಟಿಗೆ ಬಗ್ಗಿದ್ದು ನೋಡಿದೆ. ನಾನು ಅಷ್ಟು ಕೆಳಗೆ ಯಾವತ್ತೂ ಹೋಗಿಲ್ಲ."

ಅವಳಿಗೆ ಸೊಂಟ ನೋಯುತ್ತಿತ್ತು. ಅದನ್ನು ಅವನೆದುರು ಒತ್ತಿಕೊಳ್ಳಲಾರದೆ ಕೈಯನ್ನು ಮಡಿಲಲ್ಲಿಟ್ಟು ಕುಳಿತಳು. "ನಾವು ಇದನ್ನು ಬಿಡುವ. ನಂಗೆ ನಿಜವಾಗ್ಲೂ ಬೇಡ" ಎಂದಳು.

"ನಿಂಗೆ ಬೇಕು" ಎಂದ ಅವನು. "ಅದೇ ನಂಗೆ ಕಷ್ಟ ಆಗುದು."

ಮುಂದಿನ ವಾರವಿಡೀ ನಿಹಾಲ್ ರಿಂಕಿಗೆ ಬರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಟೊಮಾಶ್ ತಾನೇ ಮೋಟೆಲಿಗೆ ಬಂದ. ಯಾರೋ ಗಿರಾಕಿಯೆಂದು ನಿತ್ಯಾನಂದ ರಿಜಿಸ್ಟರ್ ಮುಂದಕ್ಕೆ ತಳ್ಳಿದರು. ಟೊಮಾಶ್ ಟೋಪಿ ತೆಗೆದು, ನಿಹಾಲನನ್ನು ನೋಡಬೇಕು ಎಂದ. ದನಿ ಕೇಳಿ ನಿಹಾಲ್ ಒಳಗಿನ ಕೋಣೆಯಿಂದ ಬಂದ.

"ನೀನು ಹೇಳಿದ್ದು ಸರಿ ಇತ್ತು. ನನ್ನ ಭುಜ ತಡವಾಗಿ ತಿರುಗುತ್ತಿದೆ, ಅದಕ್ಕೇ ಜಾರಿದ್ದು. ಪ್ಯಾಟ್‌ಗೆ ಅದು ಕಾಣುವುದಿಲ್ಲ. ನಿನಗೆ ಕಾಣುತ್ತದೆ. ಬಾ" ಎಂದ.

ನಿಹಾಲ್ ಕೌಂಟರಿನ ಈಚೆ ಬಂದು ನಿಂತ. "ನಾನು ಅವತ್ತು ನಿನಗೆ ಅನ್ಯಾಯ ಮಾಡಿದೆ."

"ನಾನು ನಿನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದೆನೋ ಗೊತ್ತಿಲ್ಲ" ಎಂದ ಟೊಮಾಶ್. ಆಮೇಲೆ, ತಾನು ಆಗಲೇ ಅವನ ಜಾಗದಲ್ಲಿರುವುದು ನೆನಪಾಗಿ, ತಲೆ ತಗ್ಗಿಸಿಕೊಂಡ.

ಮರುದಿನ ನಿಹಾಲ್ ಬಂದ.

*

ಅವರ ತಾಯಿ ಸುಂದರಿ ಈ ಯಾವುದಕ್ಕೂ ರಿಂಕಿಗೆ ಬಂದಿರಲಿಲ್ಲ. ಹಿಂದೆ ಮಕ್ಕಳ ಸ್ಪರ್ಧೆಯ ಬಟ್ಟೆಯನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಈ ಸಲವೂ ತಾನೇ ಹೊಲಿಯುವೆನೆಂದು ಹಟ ಹಿಡಿದಳು. ಆ ವರ್ಷ ಒಂದು ನೃತ್ಯಕ್ಕೆ ಯಾವುದಾದರೂ ನಾಡಿನ ಜಾನಪದ ಕುಣಿತ ಆಗಬೇಕೆಂದು ನಿಯಮವಿತ್ತು. ನಿಮ್ಮ ದೇಶದ್ದು ಮಾಡು, ಜಡ್ಜುಗಳಿಗೆ ಹಿಡಿಸುತ್ತದೆ ಎಂದು ಪ್ಯಾಟ್ ಹೇಳಿದ್ದರು. ದೀಕ್ಷಿತಾ ಒಪ್ಪಲಿಲ್ಲ. ನಮ್ಮದಾದರೆ ಅದು ಅಣ್ಣನ ಜೊತೆಗೇ ಆಗಬೇಕಿತ್ತು ಎಂದು ಬಾಯಿಬಿಟ್ಟು ಹೇಳದೆ, ಪೋಲಿಷ್ ಕುಣಿತವೇ ಇರಲಿ ಎಂದಳು. ಹೀಗಾಗಿ ಸುಂದರಿ ಅಡುಗೆಮನೆಯ ಮೇಜಿನ ಮೇಲೆ ಹೊಲಿಗೆ ಯಂತ್ರವಿಟ್ಟು, ಪೋಲೆಂಡಿನ ಹಳ್ಳಿಯವರು ತೊಡುವ ಪಟ್ಟೆ ಲಂಗವನ್ನೂ ಕಸೂತಿಯ ಮೇಲಂಗಿಯನ್ನೂ ಚಿತ್ರ ನೋಡಿ ಹೊಲಿದಳು.

ಅಳತೆ ಕೊಡಲು ಟೊಮಾಶ್ ಬಂದ ದಿನ ಅವಳು ಅವನಿಗೆ ನೀರ್‌ದೋಸೆ ಹಾಕಿಕೊಟ್ಟಳು. ಅವನು ಚಟ್ನಿಯ ಖಾರಕ್ಕೆ ಕಣ್ಣೀರು ಸುರಿಸಿಕೊಂಡು ತಿಂದ. ಆಮೇಲೆ ಟೇಪು ಹಿಡಿದು ಅವನ ಭುಜ, ತೋಳು, ಎದೆ ಅಳೆದಳು. ನಡುವೆ ಟೇಪನ್ನು ಅವನ ಕೊರಳಲ್ಲೇ ಬಿಟ್ಟು ಒಳಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ದೀಕ್ಷಿತಾ ಹೋಗಿ ನೋಡಿದರೆ ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟುಕೊಂಡು ಒಳಗೆ ನಿಂತಿದ್ದಳು.

ಟೊಮಾಶ್ ಹೋದ ಮೇಲೆ ಸುಂದರಿ ಮಗಳಿಗೆ ಹೇಳಿದಳು: "ಪಾಪ, ಆ ಹುಡುಗ ಎಂತ ತಪ್ಪು ಮಾಡಿದ್ದಾನೆ? ನಂಗೆ ಕೈ ಎಟಕುದಿಲ್ಲ ಅಂತ ಬಗ್ಗಿ ನಿಂತಿದ್ದ. ಆದ್ರೂ ಅವನ ಬೆನ್ನು ಮುಟ್ಟುವಾಗ ಹೊಟ್ಟೆಗೆ ಬೆಂಕಿ ಬಿದ್ದ ಹಾಗೆ ಆಯ್ತು. ನನ್ನ ಮಗನ ಬೆನ್ನು ಕೀಮೋ ಆದ ಮೇಲೆ ಹೇಗಾಗಿತ್ತು, ನೀನು ನೋಡಿದ್ದೀ ಅಲ್ವಾ?"

"ನಾನು ಮಾಡ್ತಿರುದು ತಪ್ಪಾ ಅಮ್ಮ?"

"ತಪ್ಪಲ್ಲ ಮಗಾ. ತಪ್ಪಾಗಿದ್ರೆ ಒಳ್ಳೇದಿತ್ತು. ನಿನ್ನನ್ನು ಬೈದು ನನ್ನ ಸಂಕಟ ಕಳ್ಕೊಳ್ತಿದ್ದೆ."

*

ವಲಯದ ಸ್ಪರ್ಧೆ ನವೆಂಬರಿನಲ್ಲಿ, ಲಾಂಗ್ ಐಲ್ಯಾಂಡಿನ ಒಂದು ರಿಂಕಿನಲ್ಲಿ. ಈಗ ಅವಳು ಸೀನಿಯರ್ ವಿಭಾಗದವಳು. ಮೊದಲ ನಾಲ್ಕು ಜೋಡಿಗಳಿಗೆ ರಾಷ್ಟ್ರೀಯ ಸ್ಪರ್ಧೆಗೆ ದಾರಿ. ಮೂರು ವರ್ಷದ ಹಿಂದೆ ಅವಳ ಹೆಸರಿನ ಮುಂದೆ ಚಾಂಪಿಯನ್ ಎಂದು ಹೇಳಿ ಕರೆಯುತ್ತಿದ್ದವರು ಈ ಸಲ ಹೆಸರನ್ನೇ ತಡವರಿಸಿಕೊಂಡು ಓದಿದರು. ಹಳೆಯ ಪರಿಚಯದವರು ಕೆಲವರು ಬಂದು ಅಪ್ಪಿಕೊಂಡರು. ಅಣ್ಣನ ಬಗ್ಗೆ ಕೇಳುವಾಗ ಅವರ ದನಿ ತಗ್ಗುತ್ತಿತ್ತು, ಅವನು ಅಲ್ಲೇ ಎರಡು ಹೆಜ್ಜೆ ಆಚೆ ಜಾಕೆಟ್ ಹಿಡಿದುಕೊಂಡು ನಿಂತಿದ್ದರೂ.

ಮೊದಲೆರಡು ನೃತ್ಯಗಳಾದ ಮೇಲೆ ಅವರು ಐದನೆಯ ಸ್ಥಾನದಲ್ಲಿದ್ದರು. ಕೊನೆಯ ದಿನ ಮಧ್ಯಾಹ್ನ, ತಮ್ಮಿಷ್ಟದ ಸಂಗೀತಕ್ಕೆ ಮಾಡುವ ಫ್ರೀ ಡಾನ್ಸ್. ಪ್ಯಾಟ್ ನಿಹಾಲನಿಗೂ ಕೋಚಿನ ಬ್ಯಾಡ್ಜ್ ಮಾಡಿಸಿಟ್ಟಿದ್ದರು. ಬೇಲಿಯ ಹತ್ತಿರ ತಮ್ಮ ಜೊತೆ ನಿಲ್ಲಲು ಕರೆದರು. ಅವನು ಬೇಡವೆಂದು ಅಪ್ಪ ಅಮ್ಮನ ಜೊತೆ ಮೇಲಿನ ಸಾಲಿನಲ್ಲಿ ಕುಳಿತ. ಸುಂದರಿ ಕೊನೆಗೂ ಬಂದಿದ್ದಳು. ಮಡಿಲಲ್ಲಿ ಶಾಲು ಮುದುಡಿ ಹಿಡಿದಿದ್ದಳು.

ಐಸಿನ ನಡುವೆ ನಿಂತಾಗ ದೀಕ್ಷಿತಾಳಿಗೆ ಹೆದರಿಕೆಯಾಗಲಿಲ್ಲ. ಅವಳನ್ನು ಕಾಡಿದ್ದು ಬೇರೆ. ಸಂಗೀತ ಶುರುವಾದ ಕೂಡಲೇ ಮೈ ತಾನಾಗಿ ಹೊರಟಿತು, ಸಂತೋಷವಾಗಿ ಹೊರಟಿತು, ಕಟ್ಟಿ ಹಾಕಿದ್ದನ್ನು ಬಿಚ್ಚಿಬಿಟ್ಟ ಹಾಗೆ. ಇಷ್ಟು ಸಂತೋಷಪಡಲು ತನಗೆ ಹೇಗೆ ಮನಸ್ಸು ಬಂತು ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆ ಅದನ್ನೂ ಮರೆತಳು. ಒಂದೇ ಕಾಲಿನ ಮೇಲೆ ಬುಗುರಿಯಂತೆ ಸುತ್ತುತ್ತ ಸಾಗುವಲ್ಲಿ ಟೊಮಾಶ್ ಸ್ವಲ್ಪ ವಾಲಿದ. ಅವಳು ತನ್ನ ಸುತ್ತನ್ನು ಒಂದಿಷ್ಟು ನಿಧಾನಿಸಿ ಅವನಿಗಾಗಿ ಕಾದಳು. ಇಬ್ಬರೂ ಮತ್ತೆ ಕೂಡಿಕೊಂಡರು. ಲಿಫ್ಟ್ ಬಂದಿತು. ಅವನು ಬಗ್ಗಿದ, ಅವಳು ಏರಿದಳು. ತೊಡೆ ನಡುಗಲಿಲ್ಲ. ತೋಳು ಚಾಚಿ ನಿಂತ ಅವಳಿಗೆ ಕೆಳಗೆ ಇರುವವನು ಯಾರೆಂಬ ಯೋಚನೆ ಬರಲಿಲ್ಲ. ಇಳಿದ ಮೇಲೆ, ಹಾಗೆ ಬರಲಿಲ್ಲವೆಂಬುದು ಅರಿವಾಗಿ ಎದೆ ಚುರುಕ್ಕೆಂದಿತು.

ಅಂಕಗಳು ಬಂದವು. ಅವರು ನಾಲ್ಕನೆಯವರು.

ಟೊಮಾಶ್ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿ ಇಳಿಸಿದ. ಪ್ಯಾಟ್ ಅತ್ತರು. ದೀಕ್ಷಿತಾ ಮೇಲಿನ ಸಾಲಿನತ್ತ ನೋಡಿದಳು. ಅಪ್ಪ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಅಮ್ಮನ ಕೈ ನಿಹಾಲನ ಬೆನ್ನಿನ ಮೇಲಿತ್ತು. ಅವನು ಎರಡೂ ಅಂಗೈಯಲ್ಲಿ ಮುಖ ಮುಚ್ಚಿಕೊಂಡು ಬಾಗಿ ಕುಳಿತಿದ್ದ.

ಲಾಬಿಗೆ ಬಂದಾಗ ಅವನ ಮುಖ ತೊಳೆದಂತಿತ್ತು. ಟೊಮಾಶ್‌ನ ಕೈ ಕುಲುಕಿ, "ಭುಜ ಸರಿಯಾದ ಹೊತ್ತಿಗೆ ತಿರುಗಿತು" ಎಂದ. ತಂಗಿಯ ತಲೆಯ ಮೇಲೆ ಕೈಯಿಟ್ಟ. ಅಷ್ಟೇ.

ಮನೆಗೆ ಹೊರಟಾಗ ಬೆಳಕು ಇನ್ನೂ ಇತ್ತು. ನಿತ್ಯಾನಂದ ಕಾರು ಓಡಿಸುತ್ತಿದ್ದರು, ಸುಂದರಿ ಪಕ್ಕದಲ್ಲಿ. ಅಣ್ಣ ತಂಗಿ ಹಿಂದಿನ ಸೀಟಿನಲ್ಲಿ. ವೆರಜಾನೋ ಸೇತುವೆ ಹತ್ತುವಾಗ ನಿಹಾಲ್ ಕಿಟಕಿಯ ಹೊರಗೆ ನೋಡುತ್ತ ಹೇಳಿದ: "ಇನ್ನು ನಾನು ರಿಂಕಿಗೆ ಬರುದಿಲ್ಲ."

ಮುಂದಿನ ಸೀಟಿನಿಂದ ಸುಂದರಿ ತಿರುಗಿ ನೋಡಿದಳು.

"ಜನವರಿವರೆಗೆ ಬಾ ಅಣ್ಣ. ನ್ಯಾಷನಲ್ಸ್ ಒಂದು ಆಗ್ಲಿ."

"ಬೇಡ." ಅವನ ದನಿ ಮೆತ್ತಗಿತ್ತು. "ನೀನು ಲಿಫ್ಟಿಗೆ ಏರುವಾಗ ನಾನು ಕೂತಲ್ಲೇ ಬಗ್ಗಿದ್ದೆ. ಕಾಲಿನ ನೋವು ಗೊತ್ತಾಗ್ಲಿಲ್ಲ. ನಿನ್ನ ಭಾರ ನನ್ನ ತೊಡೆ ಮೇಲೆ ಉಂಟು ಅಂತಲೇ ಇತ್ತು ನಂಗೆ. ಆಮೇಲೆ ಜನ ಚಪ್ಪಾಳೆ ಹೊಡೆದ್ರು, ನೋಡಿದ್ರೆ ನಾನು ಬೆಂಚಿನ ಮೇಲೆ ಇದ್ದೇನೆ. ಇಷ್ಟು ದಿನ ನಿಂಗೆ ಕಲಿಸ್ತೇನೆ, ಅವನಿಗೆ ಕಲಿಸ್ತೇನೆ ಅಂದ್ಕೊಂಡು ನಾನು ಅಲ್ಲೇ ಸ್ಕೇಟ್ ಮಾಡ್ತಿದ್ದೆ, ದೀಕ್ಷಿ. ಅದನ್ನು ನಿಲ್ಲಿಸ್ಬೇಕು."

"ನಿಂಗಾಗಿಯೇ ನಾನು ಮಾಡಿದ್ದು."

"ಅಲ್ಲ" ಎಂದ ಅವನು. "ಇವತ್ತು ನಿಂಗಾಗಿ ಮಾಡಿದಿ. ನಂಗೆ ಕಾಣ್ತದೆ. ಹಾಗೇ ಮಾಡು."

ಅವಳು ಅವನ ತೋಳಿಗೆ ಹಣೆಯೊತ್ತಿ ಅತ್ತಳು. ಅವನು ತಡೆಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಸ್ಟಾಟನ್ ಐಲ್ಯಾಂಡ್ ಪೂರ್ತಿ ಕಳೆಯುವವರೆಗೆ ಅವಳು ಹಾಗೇ ಒರಗಿದ್ದಳು.

*

ಅವನು ಮಾತಿಗೆ ತಪ್ಪಲಿಲ್ಲ. ಕಾಯಿಲೆಯಲ್ಲಿ ಬಿಟ್ಟಿದ್ದ ಓದನ್ನು ಕೌಂಟಿ ಕಾಲೇಜಿನಲ್ಲಿ ಮತ್ತೆ ಶುರುಮಾಡಲು ಹೆಸರು ಕೊಟ್ಟ. ಅವಳು ಒಬ್ಬಳೇ ಡ್ರೈವ್ ಮಾಡಿಕೊಂಡು ಪ್ರಾಕ್ಟೀಸಿಗೆ ಹೋದಳು. ಮನೆಯಲ್ಲಿ ಊಟದ ಹೊತ್ತಿಗೆ ಇಬ್ಬರೂ ಬೇರೆಲ್ಲದರ ಬಗ್ಗೆ ಮಾತಾಡುತ್ತಿದ್ದರು. ಸ್ಕೇಟಿಂಗಿನ ಮಾತು ಬಂದರೆ ಅವನು ನಯವಾಗಿ ಎದ್ದು ತಟ್ಟೆ ತೊಳೆಯಲು ಹೋಗುತ್ತಿದ್ದ.

ಜನವರಿಯಲ್ಲಿ ರಾಷ್ಟ್ರೀಯ ಸ್ಪರ್ಧೆ ದೇಶದ ಪಶ್ಚಿಮದ ಕೊನೆಯಲ್ಲಿ. ನ್ಯೂಅರ್ಕ್ ವಿಮಾನ ನಿಲ್ದಾಣಕ್ಕೆ ಅವಳನ್ನು ಬಿಟ್ಟುಬಂದದ್ದು ನಿಹಾಲನೇ. ಟೊಮಾಶ್ ಮತ್ತು ಪ್ಯಾಟ್ ಆಗಲೇ ಒಳಗಿದ್ದರು. ಅವನು ಸ್ಕೇಟಿನ ಚೀಲ ಇಳಿಸಿ ಅವಳ ಹೆಗಲಿಗೇರಿಸಿದ.

"ಕಾಲ್ ಮಾಡು" ಎಂದ.

"ನೀನು ತೆಗೀತೀಯಾ?"

"ನೋಡುವ."

ಅಲ್ಲಿ ಅವರು ಏಳನೆಯವರಾದರು. ತಪ್ಪೇ ಇಲ್ಲದೆ ಮಾಡಿದ್ದರು. ವಿರಾಮದ ನಂತರ ಮರಳಿದವಳಿಗೆ, ಒಂದು ವರ್ಷದ ಜೋಡಿಗೆ, ಇದು ದೊಡ್ಡ ಮಾತು ಎಂದು ಎಲ್ಲರೂ ಹೇಳಿದರು. ಸ್ಕೇಟ್ ಬಿಚ್ಚುವ ಮೊದಲೇ ಅವಳು ಕಾರಿಡಾರಿನ ಮೂಲೆಗೆ ಹೋಗಿ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅಮ್ಮ. ಕಂಪ್ಯೂಟರಿನಲ್ಲಿ ನೋಡಿದೆವು, ಚೆಂದ ಆಯ್ತು ಮಗಾ, ಹೊಲಿಗೆ ಎಲ್ಲೂ ಬಿಚ್ಚಿಕೊಳ್ಳಲಿಲ್ಲ ಎಂದಳು. ಅಪ್ಪನೂ ಎರಡು ಮಾತಾಡಿದರು.

"ಅಣ್ಣ?" ಎಂದು ಕೇಳಿದಳು.

ಫೋನ್ ಮತ್ತೆ ಅಮ್ಮನ ಕೈಗೆ ಹೋಯಿತು. "ಅವನಾ... ಹಿಂದಿನ ಸಾಲಿನ ರೂಮಿನ ಹೀಟರ್ ಕೆಟ್ಟಿದೆ ಅಂತ ನೋಡ್ಲಿಕ್ಕೆ ಹೋಗಿದ್ದಾನೆ. ಆಗಲೇ ಹೋದವ. ಕರೀಲಾ?"

ಗಿರಾಕಿಗಳಿಲ್ಲದ ಆ ಚಳಿಗಾಲದಲ್ಲಿ ಹಿಂದಿನ ಸಾಲನ್ನು ಬೀಗ ಹಾಕಿ ಇಟ್ಟಿದ್ದರು. ಅಲ್ಲಿ ಹೀಟರ್ ಹಚ್ಚುವ ಅಗತ್ಯವೇ ಇರಲಿಲ್ಲ. ಅದು ಅಮ್ಮನಿಗೂ ಗೊತ್ತಿತ್ತು. ಖಾಲಿ ರೂಮಿನ ಮಂಚದ ತುದಿಯಲ್ಲಿ ಕೋಟು ಹಾಕಿಕೊಂಡೇ ಕುಳಿತಿರುವ ಅಣ್ಣ ದೀಕ್ಷಿತಾಳ ಕಣ್ಣಿಗೆ ಬಂದ.

"ಬೇಡ ಅಮ್ಮ. ಕರೀಬೇಡ. ಊಟಕ್ಕೆ ಮಾತ್ರ ಎಬ್ಬಿಸಿ ಕರ್ಕೊಂಡು ಬಾ. ಒಬ್ಬನೇ ಬಹಳ ಹೊತ್ತು ಬಿಡಬೇಡ."

"ಆಯ್ತು ಮಗಾ" ಎಂದಳು ಸುಂದರಿ.

ಕಾರಿಡಾರಿನ ಆ ತುದಿಯಲ್ಲಿ ಟೊಮಾಶ್‌ನ ಮನೆಯವರು ಫೋಟೋಕ್ಕೆ ಸಾಲಾಗಿ ನಿಂತಿದ್ದರು. ಅವಳನ್ನು ಕರೆಯಲು ಕೈಯೆತ್ತಿದ ಟೊಮಾಶ್, ಅವಳ ಮುಖ ನೋಡಿ ಕೈ ಇಳಿಸಿದ. ಅವಳು ಫೋನ್ ಮುಚ್ಚಿ, ಗೋಡೆಗೆ ಒರಗಿ, ಮುಖ ಒರೆಸಿಕೊಂಡಳು. ಆಮೇಲೆ ಬ್ಲೇಡುಗಳ ಮೇಲಿನ ಪ್ಲಾಸ್ಟಿಕ್ ಗಾರ್ಡ್ ಸರಿಪಡಿಸಿಕೊಂಡು ಅವರ ಕಡೆಗೆ ನಡೆದಳು.